ಕ್ಲಾರ್ನೆಟ್ ಮಾಸ್ತರರ ಅಗಲವಾದ ನಗು

ಹಲ್ಲು ನೋಯುತ್ತದೆ ಎಂದು ಬಂದವರು ಯಾರನ್ನೂ ನಗಿಸುವುದಿಲ್ಲ. ನಗು ಸರಿಯಿಲ್ಲ ಎಂದು ಬಂದವರು ಮಾತ್ರ, ತಮಗೇ ಗೊತ್ತಿಲ್ಲದಂತೆ, ವಾರಕ್ಕೊಮ್ಮೆಯಾದರೂ ನಗಿಸಿ ಹೋಗುತ್ತಾರೆ. ಹನ್ನೆರಡು ವರ್ಷದಿಂದ ನೋಡುತ್ತಿದ್ದೇನೆ, ಒಂದು ವಾರವೂ ತಪ್ಪಿಲ್ಲ.

ನಾನು ಡಾಕ್ಟರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಯಾರಾದರೂ ಬಾಯಿ ತೆರೆದು ತೋರಿಸಿಬಿಡುತ್ತಾರೆ. ಡಾಕ್ಟರು ನಮ್ಮ ಮೇಡಂ. ನಾನು ಅವರ ಸಹಾಯಕಿ. ಸಹಾಯಕಿ ಎಂದರೆ ಬಾಯಿಯೊಳಗೆ ಬೆಳಕು ಹಿಡಿಯುವುದು, ಎಂಜಲು ಎಳೆಯುವ ನಳಿಗೆ ಹಿಡಿಯುವುದು, ಚೀಟಿ ಬರೆಯುವುದು, ಫೋಟೋ ತೆಗೆಯುವುದು. ನನ್ನ ಮನೆ ಬೀದರಿನ ಚಿದ್ರಿಯಲ್ಲಿ. ದವಾಖಾನೆಯೂ ಬೀದರಿನಲ್ಲೇ. ಮಂಗಳವಾರ ಭಾಲ್ಕಿಗೆ, ಶನಿವಾರ ಔರಾದಿಗೆ ಹೋಗುತ್ತೇವೆ. ಎರಡೂ ಊರಲ್ಲಿ ಮೇಡಂ ಒಂದೊಂದು ಕೋಣೆ ಹಿಡಿದಿದ್ದಾರೆ.

ಇನ್ನು ನಗು ಸರಿಯಿಲ್ಲ ಎಂದರೆ ಏನು ಎಂಬುದನ್ನೂ ಹೇಳಬೇಕು. ಕೆಲವರು ನಕ್ಕಾಗ ಮುಂದಿನ ಆರು ಹಲ್ಲು ಮಾತ್ರ ಕಾಣುತ್ತವೆ. ಬಾಯಿಯ ಎರಡೂ ಮೂಲೆಯಲ್ಲಿ, ಕೆನ್ನೆಗೂ ಹಲ್ಲಿಗೂ ನಡುವೆ, ಕತ್ತಲು ಉಳಿಯುತ್ತದೆ. ಆ ಕತ್ತಲು ತುಂಬಿದರೆ ನಗು ಅಗಲವಾಗುತ್ತದೆ. ಅದಕ್ಕೆ ಮೂರು ದಾರಿ. ಹಲ್ಲಿನ ಬಣ್ಣದ್ದೇ ಲೇಪ ಹಚ್ಚಿ ಪಕ್ಕದ ಹಲ್ಲುಗಳನ್ನು ತುಸು ದಪ್ಪ ಮಾಡಬಹುದು. ಉಗುರಿನಷ್ಟು ತೆಳ್ಳಗಿನ ಚಿಪ್ಪು ಅಂಟಿಸಬಹುದು. ಅಥವಾ ತಂತಿ ಕಟ್ಟಿ ಹಲ್ಲಿನ ಸಾಲನ್ನೇ ನಿಧಾನವಾಗಿ ಅಗಲ ಮಾಡಬಹುದು, ಅದಕ್ಕೆ ವರ್ಷದ ಮೇಲೆ ಬೇಕು. ಮೇಡಂ ಇಷ್ಟನ್ನೂ ಪ್ರತಿಯೊಬ್ಬರಿಗೂ ಹೇಳುತ್ತಾರೆ. ಪ್ರತಿಯೊಬ್ಬರೂ ಪೂರಾ ಕೇಳಿ, ತಲೆ ಆಡಿಸಿ, "ಮ್ಯಾಡಂ, ನಗು ಬರೋಹಂಗ ಏನರ ಮಾಡ್ರಿ" ಎನ್ನುತ್ತಾರೆ.

ಉಪ್ಪುನೀರು

ಒಂದು ಮಂಗಳವಾರ ಭಾಲ್ಕಿಯ ಕೋಣೆಯ ಬೆಂಚಿನ ಮೇಲೆ ಭಾತಂಬ್ರಾದ ಕ್ಲಾರ್ನೆಟ್ ಮಾಸ್ತರರು ಕೂತಿದ್ದರು. ಮದುವೆಗಳಲ್ಲಿ ಬ್ಯಾಂಡ್ ಬಾರಿಸುವ ಮೇಳ ಅವರದು. ಸುತ್ತಲಿನ ಹಳ್ಳಿಗಳಲ್ಲಿ ಅವರು ಊದದೆ ಯಾರೂ ಗಂಡನ ಮನೆಗೆ ಹೋಗಿಲ್ಲ ಎಂದು ಜನ ಹೇಳುತ್ತಾರೆ. ಅವರು ಬಂದದ್ದು ಮೂರನೆಯ ಮಂಗಳವಾರ. ಎರಡು ಸಲ ಬೆಂಚಿನವರೆಗೆ ಬಂದು, ಕೂತು, ಎದ್ದು ಹೋಗಿದ್ದರು. ಅಂದು ನಾನೇ ಪಕ್ಕಕ್ಕೆ ಕೂತು ಕೇಳಿದೆ.

ವಿಷಯ ಇಷ್ಟು. ಒಬ್ಬಳೇ ಮಗಳು. ಐದು ವಾರ ಬಿಟ್ಟು ಮದುವೆ, ಔರಾದಿನ ಮನೆಗೆ. ಮಗಳು ತಂದೆಯ ಹತ್ತಿರ ಒಡವೆ ಕೇಳಿರಲಿಲ್ಲ, ಬೀರು ಕೇಳಿರಲಿಲ್ಲ. ಅವಳು ಕೇಳಿದ್ದು ತಂದೆ ನಗುತ್ತಿರುವ ಒಂದು ಫೋಟೋ. ಮನೆಯಲ್ಲಿರುವ ಎಲ್ಲ ಫೋಟೋದಲ್ಲೂ ಮಾಸ್ತರರ ಬಾಯಲ್ಲಿ ಕ್ಲಾರ್ನೆಟ್ ಇದೆ, ಇಲ್ಲವೇ ಬಾಯಿಯ ಮೇಲೆ ಕೈ ಇದೆ. ಮೂವತ್ತು ವರ್ಷ ಆ ವಾದ್ಯವನ್ನು ಕಚ್ಚಿ ಊದಿ ಅವರ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಕಚ್ಚು ಬಿದ್ದಿತ್ತು. ಬಾವಿಯ ಕಟ್ಟೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬೀಳುತ್ತದಲ್ಲ, ಹಾಗೆ. ಅದರ ಮೇಲೆ ಮೂಲೆಗಳಲ್ಲಿ ಕತ್ತಲು ಬೇರೆ. ಅದಕ್ಕೇ ನಾಚಿಕೆ.

"ಸಾವಿರ ಮಂದಿ ಮದುವ್ಯಾಗ ಊದೇನ್ರಿ ಅಕ್ಕೋರ. ಮಗಳ ಮದುವ್ಯಾಗ ಊದಂಗಿಲ್ಲ. ಸುಮ್ಮ ನಿಂತು ನಗ್ತೇನಿ" ಎಂದರು, ಕೈಯನ್ನು ಬಾಯಿಯ ಮೇಲೆ ಇಟ್ಟುಕೊಂಡೇ.

ಅಷ್ಟರಲ್ಲಿ ಒಳಗಿದ್ದ ಕುಟುಂಬ ಹೊರಗೆ ಬಂತು. ಖಟಕ ಚಿಂಚೋಳಿಯವರು. ತರುಣನೊಬ್ಬನಿಗೆ ಚಿಪ್ಪು ಅಂಟಿಸಬೇಕಿತ್ತು. ಜೊತೆಗೆ ತಾಯಿ, ಹೆಂಡತಿ, ಸೋದರತ್ತೆ. ಬಣ್ಣ ಆರಿಸಲು ನಮ್ಮಲ್ಲಿ ಒಂದು ಪಟ್ಟಿ ಇದೆ. ಹದಿನಾರು ಹಲ್ಲು, ಹದಿನಾರು ಬಣ್ಣ, ಬಿಳಿಯಿಂದ ಹಳದಿಯವರೆಗೆ. ಅದನ್ನು ಬಾಯಿಗೆ ಹಿಡಿದು ಹೊಂದುವುದನ್ನು ನೋಡಬೇಕು. ಸೋದರತ್ತೆ ಅದನ್ನು ಮೇಡಂ ಕೈಯಿಂದ ಇಸಿದುಕೊಂಡು, ಟ್ಯೂಬ್‌ಲೈಟಿನಲ್ಲಿ ಖರೆ ಬಣ್ಣ ತಿಳಿಯುವುದಿಲ್ಲ ಎಂದು ಬಿಸಿಲಿಗೆ ತಂದಿದ್ದರು. ಸೀರೆ ಅಂಗಡಿಯಲ್ಲಿ ನಾವೆಲ್ಲ ಮಾಡುವುದೇ ಇದು, ತಪ್ಪೆನ್ನಲು ಬರುವುದಿಲ್ಲ. ತಾಯಿಗೆ ಮೂರನೆಯದು ಸೇರಿತು, ಹೆಂಡತಿಗೆ ಒಂದನೆಯದು. ಸೋದರತ್ತೆ ಪಟ್ಟಿಯನ್ನು ಹುಡುಗನ ಕಿವಿಯ ಪಕ್ಕ ಹಿಡಿದು, ಅಂಗಿಯ ಪಕ್ಕ ಹಿಡಿದು ನೋಡಿ, ಇದರಲ್ಲೇ ಗಟ್ಟಿ ಬಣ್ಣದ್ದು ಇನ್ನೊಂದು ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಕೊನೆಗೆ ಎರಡನೆಯದು ಎಂದಾಯಿತು.

ಒಳಗೆ ಹೋಗಿ ಸೋದರತ್ತೆ ಮೇಡಂಗೆ ಕೊನೆಯ ಪ್ರಶ್ನೆ ಹಾಕಿದರು. "ಮೊದಲ ಸಲ ಉಪ್ಪುನೀರು ಮಾಡ್ಬೇಕೇನ್ರಿ?"

ಚಿಪ್ಪು ಅಂಟಿಸಿದ ಮೇಲೆ ಒಸಡು ತುಸು ಉರಿಯುತ್ತದೆ, ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದರೆ ಹಿತ. ಹಾಗಾಗಿ ಮೇಡಂ, ಹೌದ್ರಿ, ಎರಡು ದಿನ ಮಾಡ್ಬೇಕು ಎಂದರು. ಇದು ಸರಿಯಾದ ಉತ್ತರವೇ. ಆದರೆ ಹೊಸ ಸೀರೆಯನ್ನು ಮೊದಲ ಸಲ ಉಪ್ಪುನೀರಲ್ಲಿ ನೆನೆಸುವುದು ಯಾಕೆಂದು ಎಲ್ಲ ಹೆಂಗಸರಿಗೂ ಗೊತ್ತು. ಸೋದರತ್ತೆ ಪಟ್ಟಿಯನ್ನು ಮೇಜಿನ ಮೇಲಿಟ್ಟು ಮನೆಯವರ ಕಡೆ ತಿರುಗಿದರು.

"ನಾ ಹೇಳಿಲ್ಲೇನು? ಬಣ್ಣ ಬಿಡ್ತದ. ಏಳ್ರಿ."

ನಾಲ್ವರೂ ಎದ್ದು ಹೋದರು. ಅವರ ಹಿಂದೆಯೇ, ಬೆಂಚಿನ ಮೇಲೆ ಎಲ್ಲ ಕೇಳಿಸಿಕೊಂಡಿದ್ದ ಮಾಸ್ತರರೂ ಹೋದರು.

ಕರಿಯ ಪಕ್ಕ ಬೆಳ್ಳಿ

ಅದೇ ವಾರ ಬೀದರಿನ ದವಾಖಾನೆಗೆ ಒಬ್ಬ ಬಿದ್ರಿ ಕೆಲಸದ ಉಸ್ತಾದರು ಬಂದರು. ಬಂದರು ಎನ್ನುವುದು ಅಷ್ಟು ಸರಿಯಲ್ಲ, ಅವರ ಹೆಂಡತಿ ಕರೆದುಕೊಂಡು ಬಂದರು. ಬಿದ್ರಿ ಕೆಲಸ ಎಂದರೆ ಕರಿ ಲೋಹದಲ್ಲಿ ಬೆಳ್ಳಿಯ ತಂತಿ ಕೂಡಿಸುವುದು. ನಮ್ಮ ಊರವರಿಗೆ ಇದನ್ನು ಹೇಳಬೇಕಿಲ್ಲ, ಹೊರಗಿನವರು ಓದಿದರೆ ಇರಲಿ ಎಂದು ಬರೆದೆ.

ಇವರ ನಗುವೂ ಆರು ಹಲ್ಲಿನದೇ, ಮೂಲೆಗಳಲ್ಲಿ ಕತ್ತಲು. ಹೆಂಡತಿ ಬುರ್ಖಾದ ಮುಸುಕು ಸರಿಸಿ, ಇವರ ಫೋಟೋ ಎಲ್ಲೆಲ್ಲೋ ಹೋಗುತ್ತದೆ, ಕೆಲಸ ನೋಡಲು ಪರದೇಶದವರು ಬರುತ್ತಾರೆ, ಬಾಯಿ ಮಾತ್ರ ಹೀಗೆ ಎಂದು ದೂರಿದರು. ಮೇಡಂ ಕನ್ನಡಿ ಕೊಟ್ಟು, ಇಲ್ಲಿ ಇಷ್ಟು ಕಪ್ಪು ಕಾಣುತ್ತದೆ, ಇದನ್ನು ತುಂಬೋಣ ಎಂದು ಕಡ್ಡಿಯಿಂದ ತೋರಿಸಿದರು. ಉಸ್ತಾದರು ಕನ್ನಡಿಯನ್ನು ಹತ್ತಿರ, ದೂರ, ಓರೆ ಹಿಡಿದು ನೋಡಿದರು. ಅವರ ಕಣ್ಣಿನ ಕೆಲಸವೇ ಅದು, ಹಾಗಾಗಿ ಹೊತ್ತು ಹಿಡಿಯಿತು.

"ನಕ್ಕೋ ಮ್ಯಾಡಂ, ಬ್ಯಾಡ" ಎಂದರು ಕೊನೆಗೆ. "ಬಾಜೂಕ ಕರಿ ಅದ ಅಂತೇ ಚಾಂದಿ ಕಾಣ್ತದ. ಪೂರಾ ಚಾಂದಿ ತುಂಬಿದ್ರ ಅದು ಬಿದ್ರಿ ಅಲ್ಲ, ಸ್ಟೀಲಿನ ಡಬ್ಬಿ."

ಮೇಡಂ ಕಡ್ಡಿಯನ್ನು ತಟ್ಟೆಯಲ್ಲಿಟ್ಟರು. ಏಕೆಂದರೆ ಮಾತು ತಪ್ಪಲ್ಲ, ಓದುವಾಗ ಅವರಿಗೂ ಸ್ವಲ್ಪ ಕತ್ತಲು ಇರಬೇಕೆಂದೇ ಹೇಳಿಕೊಟ್ಟಿದ್ದರಂತೆ. ಉಸ್ತಾದರು ಗೆದ್ದವರಂತೆ ಕುರ್ಚಿಯಿಂದ ಇಳಿದರು. ಹೆಂಡತಿ ಅಷ್ಟೇ ಸಮಾಧಾನದಿಂದ ಅದೇ ಕುರ್ಚಿ ಹತ್ತಿ ಕೂತರು.

"ಹಂಗಾದ್ರ ನನಗ ತುಂಬ್ರಿ" ಎಂದರು. "ಬಾಜೂಕ ಕರಿ ಇರ್ಲಿಕ್ಕ ಇವರು ಅದಾರ."

ಎರಡು ಕ್ಲಿಪ್ಪು

ಮುಂದಿನ ಮಂಗಳವಾರ ಮಾಸ್ತರರು ಮತ್ತೆ ಬಂದರು. ಈ ಸಲ ಓಡಿಹೋಗದಂತೆ ಮಗಳು ಜೊತೆಗಿದ್ದಳು. ಅವಳೇ ಒಳಗೆ ಕರೆದುಕೊಂಡು ಹೋಗಿ ಕೂಡಿಸಿದಳು.

ಮೇಡಂ ನೋಡಿ, ಪಕ್ಕದ ಹಲ್ಲುಗಳಿಗೆ ಲೇಪ ಹಚ್ಚೋಣ, ಮುಂದಿನ ಕಚ್ಚನ್ನು ಹಾಗೇ ಬಿಡೋಣ, ಅದು ವಾದ್ಯದ ಜಾಗ ಎಂದರು. ಉಸ್ತಾದರ ಮಾತು ಅವರ ತಲೆಯಲ್ಲಿ ಇನ್ನೂ ಇತ್ತೆಂದು ನನಗೆ ಅನಿಸಿತು. ಮಾಸ್ತರರು ಒಪ್ಪಲಿಲ್ಲ. ಮೊದಲು ಅದನ್ನೇ ಮುಚ್ಚಬೇಕು, ಮದುವೆಯಲ್ಲಿ ಊದುವುದಿಲ್ಲ ಎಂದು ಹೇಳಿಯಾಗಿದೆ, ಮೇಳದವರು ಊದುತ್ತಾರೆ ಎಂದರು. ಮೇಡಂ ಎರಡು ತಾಸು ಕೂತು ಕಚ್ಚು ಮುಚ್ಚಿದರು, ಮೂಲೆಗಳನ್ನೂ ತುಂಬಿದರು. ಬಹಳ ಚೆನ್ನಾಗಿ ಬಂತು. ನಾನು ಸಹಾಯಕಿ ಎಂದು ಹೇಳುತ್ತಿಲ್ಲ, ಖರೆ ಚೆನ್ನಾಗಿ ಬಂತು.

ಆಮೇಲೆ ಫೋಟೋ. ಕೆಲಸ ಮುಗಿದ ಮೇಲೆ ದಾಖಲೆಗೆ ಒಂದು ಫೋಟೋ ತೆಗೆಯುತ್ತೇವೆ. ಅದಕ್ಕೆ ತುಟಿ ಅಡ್ಡ ಬರಬಾರದು. ಹಾಗಾಗಿ ಬಾಯಿಯ ಎರಡೂ ಕಡೆ ಎರಡು ಪ್ಲಾಸ್ಟಿಕ್ ಕ್ಲಿಪ್ಪು ಸಿಕ್ಕಿಸಿ ಕಿವಿಯ ಕಡೆಗೆ ಎಳೆಯಬೇಕು. ಆಗ ದವಡೆ ಹಲ್ಲಿನವರೆಗೆ ಎಲ್ಲ ಕಾಣುತ್ತದೆ. ಯಾರೇ ಆಗಲಿ ಆ ಕ್ಲಿಪ್ಪಿನಲ್ಲಿ ಪಾವಿನಷ್ಟು ಬಾಯಿ ತೆರೆದು ನಕ್ಕಂತೆ ಕಾಣುತ್ತಾರೆ. ಕಣ್ಣು ಮಾತ್ರ ನಗುತ್ತಿರುವುದಿಲ್ಲ. ಮಾಸ್ತರರು ಎರಡೂ ಕೈಯಿಂದ ಕ್ಲಿಪ್ಪು ಹಿಡಿದುಕೊಂಡರು, ನಾನು ತೆಗೆದೆ. ಮಗಳು ಅದನ್ನು ತನ್ನ ಮೊಬೈಲಿಗೆ ಕಳಿಸಿ ಎಂದಳು. ಮೇಡಂ ಮಾಸ್ತರರನ್ನು ಕೇಳಿದರು. ಬಾಯಲ್ಲಿ ಕ್ಲಿಪ್ಪು ಇದ್ದುದರಿಂದ ಅವರಿಗೆ ಬೇಡ ಎನ್ನಲಾಗಲಿಲ್ಲ, ಕತ್ತು ಆಡಿಸಿದರು. ಕಳಿಸಿದೆ.

ಕ್ಲಿಪ್ಪು ತೆಗೆದು ಕನ್ನಡಿ ಕೊಟ್ಟೆ. ಮಾಸ್ತರರು ತಮ್ಮ ನಗುವನ್ನು ನೋಡಿದರು. ಸಂತೋಷ ಬಹಳವಾಯಿತು. ಬಹಳವಾದದ್ದರಿಂದ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಶ್ರುತಿ

ಮದುವೆ ಗುರುವಾರ ಇತ್ತು. ಅದರ ಹಿಂದಿನ ಮಂಗಳವಾರ ಭಾಲ್ಕಿಯ ಕೋಣೆಗೆ ಮಾಸ್ತರರು ಕ್ಲಾರ್ನೆಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದರು. ಮುಖ ಇಳಿದಿತ್ತು. ಮೇಳಕ್ಕೆ ತಾಲೀಮು ಕೊಡುವಾಗ ಒಂದು ಸ್ವರ ತೋರಿಸಲು ವಾದ್ಯ ಬಾಯಿಗಿಟ್ಟರಂತೆ. ಮೂವತ್ತು ವರ್ಷ ಅದು ಕೂತಿದ್ದ ಕಚ್ಚು ಈಗ ಇಲ್ಲ. ವಾದ್ಯ ಹಲ್ಲಿನ ಮೇಲೆ ಜಾರಿತು. ಬಂದ ಸದ್ದು ಕೇಳಿ ಹೊರಗೆ ಕಟ್ಟಿದ್ದ ಆಡು ಉತ್ತರ ಕೊಟ್ಟಿತಂತೆ.

ನೀವು ಊದುವುದಿಲ್ಲ ಅಂದಿದ್ದಿರಲ್ಲ ಎಂದು ಮೇಡಂ ನೆನಪಿಸಿದರು.

"ಊದದೇ ಇರೋದು ಬ್ಯಾರಿರಿ ಮ್ಯಾಡಂ. ಊದ್ಲಿಕ್ಕೇ ಬರಲಾರದ್ದು ಬ್ಯಾರಿ. ನನ್ನ ಕಚ್ಚು ನನಗ ವಾಪಸ್ ಕೊಡ್ರಿ."

ಮೇಡಂ ಅವರನ್ನು ಕುರ್ಚಿಯಲ್ಲಿ ಮಲಗಿಸಿ ಬಾಯಿ ನೋಡಿದರು. ತುಂಬಿದ್ದನ್ನು ತೆಗೆಯುವುದು ಕಷ್ಟವಲ್ಲ. ಆದರೆ ಮೊದಲಿದ್ದ ಅಳತೆಗೇ ತೆಗೆಯಬೇಕು, ಆ ಅಳತೆ ಕಾಗದದಲ್ಲಿ ಎಲ್ಲೂ ಇಲ್ಲ, ಮಾಸ್ತರರ ಕಿವಿಯಲ್ಲಿದೆ. ಹಾಗಾಗಿ ಮೇಡಂ ತುಸು ಉಜ್ಜುವುದು, ಮಾಸ್ತರರು ಕುರ್ಚಿಯ ಮೇಲೇ ಎದ್ದು ಕೂತು ಊದುವುದು, ಇನ್ನೊಂದು ಕೂದಲೆಳೆ ಎಡಕ್ಕೆ ಎನ್ನುವುದು, ಮತ್ತೆ ಮಲಗುವುದು. ತಬಲಕ್ಕೆ ಸುತ್ತಿಗೆ ಬಡಿದು ಶ್ರುತಿ ಮಾಡುತ್ತಾರಲ್ಲ, ಅದೇ ಕೆಲಸ. ವ್ಯತ್ಯಾಸ ಏನೆಂದರೆ ಇಲ್ಲಿ ಸುತ್ತಿಗೆ ಬೀಳುತ್ತಿದ್ದದ್ದು ವಾದ್ಯದ ಮೇಲಲ್ಲ, ಊದುವವನ ಮೇಲೆ. ಏಳನೆಯ ಸಲಕ್ಕೆ ವಧುವನ್ನು ಮಂಟಪಕ್ಕೆ ಕರೆತರುವ ಧಾಟಿ ಪೂರಾ ಬಂತು. ಮಾಸ್ತರರು ಕಣ್ಣು ಮುಚ್ಚಿ ಎರಡು ಸಲ ಊದಿದರು. ಮೂಲೆಗಳ ಲೇಪ ಹಾಗೇ ಉಳಿಯಿತು, ಮುಂದಿನ ಕಚ್ಚು ಮಾತ್ರ ವಾಪಸಾಯಿತು.

ಹೊರಗೆ ಬೆಂಚಿನ ಮೇಲೆ ವಯಸ್ಸಾದ ಒಬ್ಬ ಮುಸ್ಲಿಂ ಹೆಂಗಸು, ಎಲ್ಲರ ಖಾಲಾ, ಹಲ್ಲು ಕೀಳಿಸಲು ಬಂದು ಕೂತಿದ್ದರು. ನಾನು ಕರೆಯಲು ಹೋದಾಗ, ಒಳಗೆ ಯಾರ ಶಾದಿ ಎಂದು ಕೇಳಿದರು. ಶಾದಿ ಅಲ್ಲ, ಹಲ್ಲಿನ ಕೆಲಸ ನಡೆದಿದೆ ಎಂದೆ. ಅವರು ಅದನ್ನು ಪೂರ್ತಿ ನಂಬಿದರು.

"ನಂದು ಕೀಳೋ ಮುಂದ ಯಾವ್ದು ಬಾರಿಸ್ತಾರ?" ಎಂದರು.

ಅಕ್ಷತೆಯ ಹೊತ್ತು

ಗುರುವಾರ ನಾನೂ ಮೇಡಂ ಅವರೂ ಭಾತಂಬ್ರಾಕ್ಕೆ ಮದುವೆಗೆ ಹೋದೆವು. ಮಾಸ್ತರರು ಹೊಸ ಧೋತರ ಉಟ್ಟು, ಹೆಂಡತಿಯ ಪಕ್ಕ, ಬರಿಗೈಲಿ ನಿಂತಿದ್ದರು. ಕಚ್ಚು ಇದ್ದರೂ ಚಿಂತೆಯಿಲ್ಲ, ಇವತ್ತು ನಗುವುದೇ ಎಂದು ಮಗಳಿಗೆ ಮಾತು ಕೊಟ್ಟಿದ್ದರಂತೆ. ಫೋಟೋದವನಿಗೂ ಮೊದಲೇ ಹೇಳಿಟ್ಟಿದ್ದರು. ಮೇಳದವರು ಮಂಟಪದ ಬಲಕ್ಕೆ ಸಾಲಾಗಿ ನಿಂತಿದ್ದರು. ಮಾಸ್ತರರ ಕ್ಲಾರ್ನೆಟ್ಟು ಮೇಳದ ಎರಡನೆಯವನ ಕೈಯಲ್ಲಿತ್ತು.

ಇಲ್ಲಿ ಒಂದು ಸಂಗತಿ ತಿಳಿಸಬೇಕು. ಬ್ಯಾಂಡ್ ಮೇಳದಲ್ಲಿ ಯಾರೂ ತಾವಾಗಿ ಶುರು ಮಾಡುವುದಿಲ್ಲ. ಮಾಸ್ತರರು ಮೊದಲ ಸ್ವರ ಊದಬೇಕು, ಆಮೇಲೆ ಡೋಲು, ಆಮೇಲೆ ಉಳಿದವರು. ಮೇಳ ಕಟ್ಟಿದ ಇಪ್ಪತ್ತು ವರ್ಷದಿಂದ ಹಾಗೇ ನಡೆದಿದೆ. ಮಾಸ್ತರರು ಇವರಿಗೆಲ್ಲ ಎಲ್ಲ ಧಾಟಿ ಕಲಿಸಿದ್ದರು. ತಾವು ಊದದಿದ್ದರೆ ಶುರು ಮಾಡುವುದು ಹೇಗೆ ಎಂಬುದೊಂದನ್ನು ಕಲಿಸಿರಲಿಲ್ಲ.

ಮಂತ್ರ ಮುಗಿಯಿತು. ಜನ ಅಕ್ಷತೆ ಎಸೆದರು. ಎಸೆದ ಕೂಡಲೇ ವಾದ್ಯ ಮೊಳಗಬೇಕು, ಅದು ಮೊಳಗದಿದ್ದರೆ ಮದುವೆ ಆದಂತೆ ಯಾರಿಗೂ ಅನಿಸುವುದಿಲ್ಲ. ವಾದ್ಯ ಮೊಳಗಲಿಲ್ಲ. ಇಡೀ ಮೇಳ ವಾದ್ಯ ಎತ್ತಿ ಹಿಡಿದು, ಉಸಿರು ಕಟ್ಟಿಕೊಂಡು, ಮಾಸ್ತರರನ್ನೇ ನೋಡುತ್ತಿತ್ತು. ಮಾಸ್ತರರು ಫೋಟೋದವನನ್ನು ನೋಡಿ ನಗಲು ಬಾಯಿ ತೆರೆಯುತ್ತಿದ್ದರು. ಎರಡೂ ಕಡೆಯ ಬೀಗರು ಒಬ್ಬರನ್ನೊಬ್ಬರು ನೋಡಿದರು. ಮಗಳು ತಲೆ ಎತ್ತಿ ತಂದೆಯನ್ನು ನೋಡಿದಳು. ಮಾಸ್ತರರು ನಾಲ್ಕು ಹೆಜ್ಜೆಯಲ್ಲಿ ಮಂಟಪ ದಾಟಿ, ಕ್ಲಾರ್ನೆಟ್ಟು ಕಸಿದುಕೊಂಡು, ಬಾಯಿಗಿಟ್ಟರು. ಸ್ವರ ಬಹಳ ಸ್ಪಷ್ಟವಾಗಿತ್ತು. ಮೇಡಂ ನನ್ನ ಕಿವಿಯಲ್ಲಿ, ಏಳನೇ ಸಲದ್ದು ಬರೋಬರ್ ಕೂತಿದೆ ಎಂದರು.

ಆಮೇಲೆ ಅವರು ಅದನ್ನು ಕೆಳಗೆ ಇಡಲೇ ಇಲ್ಲ. ಊಟದಲ್ಲಿ ಊದಿದರು, ಆರತಿಯಲ್ಲಿ ಊದಿದರು, ಮಗಳು ಗಾಡಿ ಹತ್ತುವಾಗಲೂ ಊದಿದರು. ಅಳು ಬಂದವರಿಗೆ ಅದು ಒಳ್ಳೆಯ ಉಪಾಯ, ಬಾಯಿ ಖಾಲಿ ಇರುವುದಿಲ್ಲ. ಮೂರು ವಾರದ ಮೇಲೆ ಅವರು ಆಲ್ಬಮ್ ತಂದು ತೋರಿಸಿದರು. ಇನ್ನೂರು ಫೋಟೋದಲ್ಲಿಯೂ ಗಾಳಿ ತುಂಬಿದ ಕೆನ್ನೆ. ಒಂದರಲ್ಲಿ ಮಾತ್ರ ವಾದ್ಯ ಬಾಯಲ್ಲಿರಲಿಲ್ಲ. ಅದರಲ್ಲಿ ಬಾಯಿಯ ಮೇಲೆ ಕೈ ಇತ್ತು.

ಮಗಳಿಗೆ ಬೇಜಾರಾಯಿತೇ ಎಂದು ಕೇಳಿದೆ. ಇಲ್ಲವಂತೆ. ಅಪ್ಪ ನಗುವ ಫೋಟೋ ನನ್ನ ಹತ್ತಿರ ಒಂದು ಇದೆ ಬಿಡು ಎಂದಳಂತೆ. ಯಾವುದೆಂದು ಮಾಸ್ತರರಿಗೆ ಗೊತ್ತಿರಲಿಲ್ಲ. ನನಗೂ ಹೊಳೆಯಲಿಲ್ಲ.

ಗಂಡಿನ ಕಡೆ

ಮರು ಶನಿವಾರ ಔರಾದಿನ ಕೋಣೆಗೆ ದಪ್ಪ ಅಂಚಿನ ಇಳಕಲ್ ಸೀರೆಯ ಒಬ್ಬ ಹೆಂಗಸು ಬಂದರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮಾಸ್ತರರ ಬೀಗಿತಿ, ಅಂದರೆ ಆ ಮಗಳ ಅತ್ತೆ. ಹಲ್ಲು ನೋವೇ ಎಂದು ಕೇಳಿದೆ. ನೋವು ಗೀವು ಏನಿಲ್ಲ, ನಗು ಬೇಕು ಎಂದು ಕುರ್ಚಿ ಹತ್ತಿ ಕೂತರು.

ಸೊಸೆ ಬಂದ ಮೂರನೆಯ ದಿನವೇ ತನ್ನ ತಂದೆಯ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ಟಿವಿಯ ಮೇಲೆ ತೂಗುಹಾಕಿದ್ದಾಳೆ. ಬಂದವರೆಲ್ಲ ಮೊದಲು ಅದನ್ನೇ ನೋಡುತ್ತಾರೆ. ಹಿಂಗ ನಗೋ ಮನುಷ್ಯನ್ನ ನಾವು ನೋಡೇ ಇಲ್ಲ ಎನ್ನುತ್ತಾರೆ. ಎರಡೂ ಕೈಯಿಂದ ಬಾಯಿ ಹಿಡಿದುಕೊಂಡು ನಗುತ್ತಿದ್ದಾರೆ, ಒಳಗಿನ ದವಡೆಯವರೆಗೂ ಕಾಣುತ್ತದೆ ಎಂದು ಬೀಗಿತಿ ವಿವರಿಸಿದರು.

ನಾನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಆ ಫೋಟೋ ತೆಗೆದದ್ದು ನಾನೇ. ಮೇಡಂ ನನ್ನ ಕಡೆ ಒಂದು ಸಲ ನೋಡಿ, ಮುಖ ಗಂಭೀರ ಮಾಡಿಕೊಂಡು, ಲೇಪ, ಚಿಪ್ಪು, ತಂತಿ ಎಂದು ಮೂರೂ ದಾರಿಗಳನ್ನು ಮೊದಲಿನಿಂದ ಹೇಳಲು ಶುರು ಮಾಡಿದರು. ಬೀಗಿತಿ ಕೈ ಎತ್ತಿ ತಡೆದರು.

"ಅದೆಲ್ಲ ನನಗ ತಿಳಿಯಂಗಿಲ್ರಿ. ಫೋಟೋದಾಗ ಬೀಗರ ಹಲ್ಲು ಎಣಿಸಿಕೊಂಡು ಬಂದೇನಿ. ಇಪ್ಪತ್ತನಾಕು ಕಾಣ್ತಾವ. ನನಗ ಇಪ್ಪತ್ತಾರು ಕಾಣಬೇಕು."

ಇಪ್ಪತ್ತಾರು ಯಾಕೆ ಎಂದು ಮೇಡಂ ಕೇಳಿದರು.

ಬೀಗಿತಿ ಸೆರಗು ಸರಿಮಾಡಿಕೊಂಡು, ಇಷ್ಟೂ ಗೊತ್ತಿಲ್ಲವೇ ಎಂಬಂತೆ ಮೇಡಂ ಮುಖ ನೋಡಿದರು.

"ನಾವು ಗಂಡಿನ ಕಡಿಯವ್ರು ಇದ್ದೇವಲ್ರಿ."